ಕಿಡ್ನಿ ಪಥ್ಯದ ನಾಯಿಗೆ ಕುರುಕಲು: ಅಳತೆ, ಖರ್ಚು, ಕೆಟ್ಟ ಒಬ್ಬೆಗಳು

ಕೆಂಚಿ ನಮ್ಮ ಮನೆಯ ನಾಯಿ. ಊರ ತಳಿ, ವಯಸ್ಸು ಹನ್ನೊಂದು, ತೂಕ 16 ಕೆ.ಜಿ. ಎರಡನೇ ಹಂತದ ಕಿಡ್ನಿ ಕಾಯಿಲೆ ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಅವಳ ತಟ್ಟೆಯಲ್ಲಿ ಇರುವುದು ಕಿಡ್ನಿ ಪಥ್ಯದ ಒಣ ಕಾಳು (ಚೀಲದಲ್ಲಿ ಬರುವ ನಾಯಿ ಆಹಾರ) ಮಾತ್ರ. ಎರಡು ಹೊತ್ತಿನ ಊಟಕ್ಕೆ ಎಷ್ಟು ಗ್ರಾಂ ಅನ್ನುವುದನ್ನು ಡಾಕ್ಟರು ಬರೆದುಕೊಟ್ಟರು. ಊಟದ ನಡುವೆ ಮನೆಯವರ ಕೈಯಿಂದ ಹೋಗುತ್ತಿದ್ದ ಚೂರುಪಾರುಗಳಿಗೆ ಬದಲಿ ಏನು ಅನ್ನುವುದನ್ನು ಮಾತ್ರ ನಾವೇ ಅಡುಗೆಮನೆಯಲ್ಲಿ ಮಾಡಿ ನೋಡಿ ಕಂಡುಕೊಳ್ಳಬೇಕಾಯಿತು. ಈಗ ಒಂದು ಪದ್ಧತಿ ನಿಂತಿದೆ, ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಎರಡನ್ನೂ ಬರೆದಿಡುತ್ತಿದ್ದೇನೆ.

ಏನನ್ನೂ ಕೊಡದೆ ಇರುವುದು ಎಲ್ಲಕ್ಕಿಂತ ಸುಲಭ. ಆದರೆ ಹತ್ತು ವರ್ಷ ನಮ್ಮ ಕೈ ನೋಡುತ್ತಾ ಬೆಳೆದ ಪ್ರಾಣಿ ಅವಳು. ಕಾಯಿಲೆ ಬಂದ ಮರುದಿನದಿಂದ ಎಲ್ಲರ ಕೈಯೂ ಖಾಲಿಯಾದರೆ ಅವಳಿಗೆ ಅದರ ಕಾರಣ ತಿಳಿಯುವುದಿಲ್ಲ. ಕೊಡುವ ಪದಾರ್ಥ ಬದಲಾಗಲಿ, ಕೊಡುವುದು ನಿಲ್ಲಬಾರದು ಎಂದು ಹಟ ಹಿಡಿದು ಮಾಡಿದ ಕೆಲಸ ಇದು.

ಮೊದಲೇ ಒಂದು ಎಚ್ಚರಿಕೆ. ಇದು ಕಿಡ್ನಿ ಪಥ್ಯಕ್ಕೆ ಹೊಂದಿಸಿದ ಲೆಕ್ಕ. ಆಹಾರದ ಅಲರ್ಜಿ ಪತ್ತೆಗೆ ಪಥ್ಯದಲ್ಲಿರುವ ನಾಯಿಗೆ ಇದರಲ್ಲಿರುವ ಮೊಟ್ಟೆಯ ಒಂದು ಚೂರು ಹೋದರೂ ವಾರಗಟ್ಟಲೆ ಮಾಡಿದ ಪಥ್ಯ ಹಾಳಾಗುತ್ತದೆ. ಸಕ್ಕರೆ ಕಾಯಿಲೆ ಇರುವ ನಾಯಿಗೆ ಸಬ್ಬಕ್ಕಿ ಸರಿಯಲ್ಲ. ಕಾಯಿಲೆ ಬೇರೆಯಾದರೆ ಪಟ್ಟಿಯೂ ಬೇರೆ. ನಾವು ಪ್ರತಿಯೊಂದು ಹೊಸ ಪದಾರ್ಥವನ್ನೂ ಡಾಕ್ಟರಿಗೆ ಹೇಳಿ, ಅವರು ಹೂಂ ಅಂದ ಮೇಲೆಯೇ ಕೊಟ್ಟಿದ್ದು.

ಹಂತ 1: ನಿಲ್ಲಿಸಿದ್ದು

ವರದಿಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) 2.4, ಫಾಸ್ಫರಸ್ 5.1 ಇತ್ತು (ಎರಡೂ ಒಂದು ಡೆಸಿಲೀಟರಿಗೆ ಇಷ್ಟು ಮಿ.ಗ್ರಾಂ ಎಂಬ ಲೆಕ್ಕ). ನಾಯಿಗಳ ಕಿಡ್ನಿ ಕಾಯಿಲೆಯನ್ನು ಹಂತಗಳಾಗಿ ವಿಂಗಡಿಸಲು ಪಶುವೈದ್ಯರು ಬಳಸುವ ಐರಿಸ್ ಮಾನದಂಡದ ಪ್ರಕಾರ ಕ್ರಿಯಾಟಿನಿನ್ 1.4ರಿಂದ 2.8ರವರೆಗೆ ಎರಡನೇ ಹಂತ. ಆ ಹಂತದಲ್ಲಿ ಫಾಸ್ಫರಸ್ 4.6ಕ್ಕಿಂತ ಕೆಳಗೆ ಇರಬೇಕು. ನಮ್ಮದು ಅದನ್ನು ದಾಟಿತ್ತು. ಪೊಟ್ಯಾಸಿಯಂ ಕೂಡ ಮೇಲಿನ ಗಡಿಯ ಹತ್ತಿರವೇ ಇತ್ತು. ಹಾಗಾಗಿ ನಾವು ನೋಡಬೇಕಾದದ್ದು ನಾಲ್ಕು: ಫಾಸ್ಫರಸ್, ಉಪ್ಪು, ಪ್ರೋಟೀನ್, ಪೊಟ್ಯಾಸಿಯಂ.

ಕಾಗದ ತಗೊಂಡು ಕೆಂಚಿಗೆ ಒಂದು ದಿನದಲ್ಲಿ ಯಾರ್ಯಾರ ಕೈಯಿಂದ ಏನೇನು ಹೋಗುತ್ತದೆ ಎಂದು ಬರೆದೆವು. ಬೆಳಿಗ್ಗೆ ಅವ್ವನ ಚಹಾದ ಜೊತೆ ಗ್ಲುಕೋಸ್ ಬಿಸ್ಕತ್ತು. ಮಧ್ಯಾಹ್ನ ರೊಟ್ಟಿ ಚೂರು, ಮೊಸರು ಬಟ್ಟಲಿನ ತಳ. ಸಂಜೆ ಮಂಡಕ್ಕಿ. ವಾರಕ್ಕೆರಡು ಸಲ ಬೇಯಿಸಿದ ಕೋಳಿ ಲಿವರ್. ಆಗೀಗ ಒಣಮೀನಿನ ತಲೆ. ತಟ್ಟೆಯ ಊಟವನ್ನು ಎಷ್ಟೇ ನಿಗಾ ಇಟ್ಟು ತೂಗಿದರೂ ಈ ಪಟ್ಟಿ ಹಾಗೇ ಉಳಿದರೆ ಪಥ್ಯ ಮಾಡಿ ಏನೂ ಉಪಯೋಗವಿಲ್ಲ ಅನ್ನುವುದು ಆ ಕಾಗದ ನೋಡಿದಾಗಲೇ ಅರ್ಥವಾಯಿತು.

ನೂರು ಗ್ರಾಂ ಕೋಳಿ ಲಿವರ್‌ನಲ್ಲಿ ಸುಮಾರು 300 ಮಿ.ಗ್ರಾಂ ಫಾಸ್ಫರಸ್ ಇರುತ್ತದೆ. ನಮ್ಮ ಕಡೆ ನಾಯಿಗೆ ಅಮೃತ ಎಂದು ಕೊಡುವ ರಾಗಿಯಲ್ಲಿ 200ಕ್ಕಿಂತ ಮೇಲೆ. ಅದೇ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ನೂರರ ಒಳಗೆ. ಆರೋಗ್ಯವಂತ ನಾಯಿಗೆ ರಾಗಿ ಅಂಬಲಿ ಒಳ್ಳೆಯದೇ, ಕಿಡ್ನಿ ಸೋತ ನಾಯಿಗೆ ಪಾಲಿಶ್ ಅಕ್ಕಿಯೇ ಮೇಲು. ಮನುಷ್ಯರ ಆರೋಗ್ಯದ ಪಾಠವನ್ನು ಇಲ್ಲಿ ತಿರುಗಿಸಿ ಹಾಕಬೇಕು.

ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಯಾವ ನಾಯಿಗೂ ಕೊಡಬಾರದವು. ಅದರಲ್ಲೂ ದ್ರಾಕ್ಷಿ ನೇರವಾಗಿ ಕಿಡ್ನಿಗೇ ಹೊಡೆಯುತ್ತದೆ. ದೇವರ ಪ್ರಸಾದದ ಒಣದ್ರಾಕ್ಷಿಯನ್ನು ಈಗ ನೆಲದ ಮಟ್ಟದಲ್ಲಿ ಇಡುವುದೇ ಇಲ್ಲ.

ಹಂತ 2: ಎಷ್ಟು ಕೊಡಬಹುದು

ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕುರುಕಲಿಗೆ ಹೋಗಬಾರದು. ಲೆಕ್ಕವನ್ನು ಮೊಬೈಲ್ ಕ್ಯಾಲ್ಕುಲೇಟರಿನಲ್ಲೇ ಮಾಡಬಹುದು. ನಾಯಿಯ ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ (16×16×16 = 4096), ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ (64, ಆಮೇಲೆ 8), 70ರಿಂದ ಗುಣಿಸಿ. 560 ಬಂತು. ಇದು ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದ ಶಕ್ತಿ. ಮರಿ ಹಾಕದಂತೆ ಆಪರೇಷನ್ ಆದ, ವಯಸ್ಸಾದ, ಅಂಗಳದಷ್ಟೇ ಓಡಾಡುವ ಕೆಂಚಿಗೆ ಡಾಕ್ಟರು ಇದನ್ನು 1.4ರಿಂದ ಗುಣಿಸಿದರು: 784. ಹತ್ತನೇ ಒಂದು ಭಾಗ ಅಂದರೆ 78. ನಾವು 60ಕ್ಕೇ ಗೆರೆ ಎಳೆದೆವು, ಯಾಕೆಂದರೆ ಮನೆಯಲ್ಲಿ ಒಬ್ಬರಲ್ಲ ಒಬ್ಬರ ಕೈ ಜಾರುತ್ತದೆ.

ಈ 60 ಕ್ಯಾಲೊರಿಯನ್ನು ತಟ್ಟೆಯಿಂದ ಕಳೆಯಬೇಕು. ನಮ್ಮ ಚೀಲದ ಮೇಲಿನ ವಿವರದಂತೆ ಒಂದು ಗ್ರಾಂ ಕಾಳಿಗೆ 4 ಕ್ಯಾಲೊರಿ ಹತ್ತಿರ. ಹಾಗಾಗಿ ದಿನಕ್ಕೆ 15 ಗ್ರಾಂ ಕಾಳು ಕಡಿಮೆ.

ಸಾಮಾನು: ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ, 450 ರೂಪಾಯಿ. ಹೊಸದಾಗಿ ಕೊಂಡದ್ದು ಇದೊಂದೇ. ಓಟಿಜಿ (ಕರೆಂಟಿನ ಬೇಕಿಂಗ್ ಒಲೆ), ಇಡ್ಲಿ ಪಾತ್ರೆ, ಚಕ್ಕಲಿ ಒರಳು, ಮಿಕ್ಸಿ ಮನೆಯಲ್ಲೇ ಇದ್ದವು. ಒಂದೊಂದೇ ಚೂರನ್ನು ಈ ತಕ್ಕಡಿ ತೂಗಲಾರದು. ಅದಕ್ಕೆ ಇಪ್ಪತ್ತು ಚೂರು ಒಟ್ಟಿಗೆ ತೂಗಿ ಭಾಗಿಸಿದರೆ ಸಾಕು.

ಹಂತ 3: ಪಥ್ಯದ ಕಾಳಿನದೇ ಬಿಸ್ಕತ್ತು

ಅತಿ ಸುರಕ್ಷಿತ ದಾರಿ ಇದು. ಯಾವ ಪಥ್ಯವಾದರೂ ನಡೆಯುತ್ತದೆ, ಅಲರ್ಜಿ ಪಥ್ಯಕ್ಕಂತೂ ಇದೇ ಒಳ್ಳೆಯ ದಾರಿ. ಹೊರಗಿನದು ಏನೂ ಸೇರುವುದಿಲ್ಲ, ಆಕಾರ ಮಾತ್ರ ಬೇರೆ.

100 ಗ್ರಾಂ ಕಾಳನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಬಿಸಿನೀರು ಹಾಕಿ ಕಲಸಿದೆ. ಮೊದಲ ಒಬ್ಬೆಯನ್ನು ಹೆಂಚಿನ ಮೇಲೆ ತಟ್ಟಿದಾಗ ಮೇಲೆ ಕರಕಲು, ಒಳಗೆ ಹಸಿ. ಕಾಳಿನಲ್ಲಿ ಕೊಬ್ಬಿನ ಅಂಶ ಇರುವುದರಿಂದ ಹೆಂಚಿನ ಬಿಸಿಗೆ ಬೇಗ ಸೀಯುತ್ತದೆ. ಎರಡನೆಯದನ್ನು ಓಟಿಜಿಯಲ್ಲಿ 170 ಡಿಗ್ರಿಗೆ ಇಟ್ಟೆ. ಅಂಚು ಬಿರುಕು ಬಿಟ್ಟು, ಎತ್ತಿದರೆ ಪುಡಿಯಾಯಿತು. ನೀರು ಹಾಕಿದ ತಕ್ಷಣ ತಟ್ಟಿದ್ದೇ ಕಾರಣ. ಪುಡಿ ನೀರು ಕುಡಿಯಲು ಸಮಯ ಬೇಕು. ಮುಂದಿನ ಸಲ 100 ಗ್ರಾಂ ಪುಡಿಗೆ 90 ಮಿ.ಲೀ. ಬಿಸಿನೀರು ಹಾಕಿ ಅರ್ಧ ಗಂಟೆ ಮುಚ್ಚಿಟ್ಟೆ, ಅಕ್ಕಿರೊಟ್ಟಿ ಹಿಟ್ಟಿನ ಹದಕ್ಕೆ ಬಂತು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಶಂಕರಪೋಳಿ ಕತ್ತರಿಸುವ ಚಕ್ರದಿಂದ ಚೌಕ ಚೌಕ ಮಾಡಿ, 160 ಡಿಗ್ರಿಯಲ್ಲಿ 30 ನಿಮಿಷ. ಗಟ್ಟಿ ನಿಂತಿತು.

ಕೆಂಚಿ ಕೆಲವು ದಿನ ಖುಷಿಯಿಂದ ತಿಂದಳು. ಆಮೇಲೆ ಮೂಸಿ, ನೆಲಕ್ಕೆ ಇಟ್ಟು, ನನ್ನ ಮುಖ ನೋಡಿದಳು. ತಟ್ಟೆಯಲ್ಲಿರುವುದೇ ಇದು ಅನ್ನುವುದು ಅವಳ ಮೂಗಿಗೆ ಗೊತ್ತಾಗಿತ್ತು.

ಇಲ್ಲೊಂದು ಮುಖ್ಯ ಮಾತು. ಕಿಡ್ನಿ ಕಾಯಿಲೆಯಲ್ಲಿ ಹೊಟ್ಟೆ ತೊಳಸುವುದು ಸಾಮಾನ್ಯ. ನಾಯಿ ತುಟಿ ನೆಕ್ಕುತ್ತಾ, ಜೊಲ್ಲು ಸುರಿಸುತ್ತಾ, ಹುಲ್ಲು ತಿನ್ನಲು ಹೋಗುತ್ತಾ ಇದ್ದ ದಿನ ಪಥ್ಯದ ಆಹಾರವನ್ನು ಬಲವಂತವಾಗಿ ಬಾಯಿಗಿಡಬಾರದು. ವಾಕರಿಕೆಯನ್ನೂ ಆ ವಾಸನೆಯನ್ನೂ ಜೋಡಿಸಿಕೊಂಡುಬಿಟ್ಟರೆ ಆಮೇಲೆ ಆ ಊಟವನ್ನೇ ಮುಟ್ಟುವುದಿಲ್ಲ. ಮೊದಲು ವಾಕರಿಕೆಗೆ ಔಷಧಿ, ಆಮೇಲೆ ಕುರುಕಲು. ಎರಡು ಹೊತ್ತು ಊಟ ಬಿಟ್ಟರೆ ಅದು ರುಚಿಯ ವಿಷಯವಲ್ಲ, ಡಾಕ್ಟರ ಹತ್ತಿರ ಹೋಗುವ ವಿಷಯ.

ಹಂತ 4: ಇಡ್ಲಿ ತಟ್ಟೆಯಲ್ಲಿ ಮೊಟ್ಟೆಯ ಬಿಳಿ

ಮೊಟ್ಟೆಯ ಫಾಸ್ಫರಸ್ ಹೆಚ್ಚುಕಡಿಮೆ ಎಲ್ಲಾ ಹಳದಿಯಲ್ಲೇ ಇದೆ. ಒಂದು ಮೊಟ್ಟೆಯ ಬಿಳಿ ಭಾಗ ಸುಮಾರು 33 ಗ್ರಾಂ: 17 ಕ್ಯಾಲೊರಿ, ಮೂರೂವರೆ ಗ್ರಾಂ ಒಳ್ಳೆಯ ಪ್ರೋಟೀನ್, ಫಾಸ್ಫರಸ್ ಬರೀ 5 ಮಿ.ಗ್ರಾಂ. ಸೋಡಿಯಂ ಮಾತ್ರ 55 ಮಿ.ಗ್ರಾಂ ಇದೆ, ಅದನ್ನು ಮರೆಯುವಂತಿಲ್ಲ. ಪ್ರೋಟೀನ್ ಕೂಡ ಲೆಕ್ಕದ ಒಳಗೇ ಬರಬೇಕು. ಹಾಗಾಗಿ ವಾರಕ್ಕೆ ಎರಡು ಬಿಳಿ ಎಂದು ಡಾಕ್ಟರು ಒಪ್ಪಿದರು.

ಹಸಿ ಬಿಳಿ ಬೇಡ. ಅದರಲ್ಲಿರುವ ಅವಿಡಿನ್ ಬಯೋಟಿನ್ ವಿಟಮಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಾಲ್ಮೊನೆಲ್ಲಾ ಭಯವೂ ಇದೆ. ಬೇಯಿಸಿದರೆ ಎರಡೂ ಹೋಗುತ್ತವೆ.

ಇಡ್ಲಿ ತಟ್ಟೆಗೆ ನೀರು ಸವರಿ ಬಿಳಿ ಸುರಿದು ಬೇಯಿಸಿದೆ. ತಟ್ಟೆಗೇ ಅಂಟಿ ಕುಳಿತಿತು, ಅರ್ಧ ಕೆರೆದು ತೆಗೆಯಬೇಕಾಯಿತು. ಬೆರಳ ತುದಿಯಷ್ಟು ಎಣ್ಣೆ ಸವರಿದರೆ ಸಲೀಸಾಗಿ ಎದ್ದು ಬರುತ್ತದೆ. ಎಂಟು ನಿಮಿಷ ಸರಿಯಾದ ಹದ. ಹದಿನೈದಕ್ಕೆ ಹೋದರೆ ರಬ್ಬರಿನಂತಾಗಿ ಗಂಧಕದ ವಾಸನೆ ಬರುತ್ತದೆ. ನಮಗೆ ಅಸಹ್ಯವಾದ ಆ ವಾಸನೆಯೇ ಕೆಂಚಿಗೆ ಹೆಚ್ಚು ಇಷ್ಟವಾಯಿತು, ಆದ್ದರಿಂದ ಈಗ ಬೇಕೆಂದೇ ಹನ್ನೆರಡು ನಿಮಿಷ ಇಡುತ್ತೇನೆ. ಆರಿದ ಮೇಲೆ ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿದರೆ ಒಂದು ಮೊಟ್ಟೆಗೆ ಐವತ್ತರವತ್ತು ತುಂಡು ಆಗುತ್ತವೆ.

ಗಾತ್ರದ ಬಗ್ಗೆ ಇಲ್ಲೇ ಒಂದು ಸಂಗತಿ ಗಮನಕ್ಕೆ ಬಂತು. ದೊಡ್ಡ ತುಂಡು ಒಂದು ಸಲ ಕೊಟ್ಟರೂ, ಕಡಲೆಕಾಳಿನಷ್ಟು ಕೊಟ್ಟರೂ ಅವಳ ಬಾಲ ಆಡುವುದು ಒಂದೇ ರೀತಿ. ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದೇ ಅವಳಿಗೆ ಮುಖ್ಯ. ಮುಂದಿನ ಎಲ್ಲಾ ಒಬ್ಬೆಗಳನ್ನೂ ಇದೇ ಆಧಾರದ ಮೇಲೆ ಮಾಡಿದ್ದು.

ಹಳದಿ ಭಾಗ ಮನೆಯವರ ಪಲ್ಯಕ್ಕೆ. ಕೆಂಚಿಗೆ ಒಂದು ಚೂರೂ ಇಲ್ಲ.

ಹಂತ 5: ಸಬ್ಬಕ್ಕಿ ಕುರುಕಲು

ಹೆಚ್ಚು ಕೆಟ್ಟದ್ದೂ ಇದೇ, ಕೊನೆಗೆ ಕೈ ಹಿಡಿದದ್ದೂ ಇದೇ. ಸಬ್ಬಕ್ಕಿ ಬಹುಪಾಲು ಶುದ್ಧ ಪಿಷ್ಟ. ಫಾಸ್ಫರಸ್, ಪೊಟ್ಯಾಸಿಯಂ, ಪ್ರೋಟೀನ್ ಮೂರೂ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಊಟದಲ್ಲಿ ಇದನ್ನು ಕೊರತೆ ಅನ್ನುತ್ತೇವೆ, ಇಲ್ಲಿ ನಮಗೆ ಬೇಕಾದದ್ದೇ ಅದು.

ಹುಡುಕುವವರು ಹೆದರದಿರಲಿ ಎಂದು ಒಂದು ಮಾತು: ನಾಯಿಗೆ ಸಾಗೋ ವಿಷ ಎಂದು ಓದಲು ಸಿಗುತ್ತದೆ. ಅದು ತೋಟದಲ್ಲಿ ಅಲಂಕಾರಕ್ಕೆ ಬೆಳೆಸುವ ಸೈಕಸ್ ಗಿಡದ ವಿಷಯ. ಆ ಗಿಡ, ಅದರಲ್ಲೂ ಬೀಜ, ನಾಯಿಯ ಲಿವರನ್ನು ಹಾಳುಮಾಡಿ ಪ್ರಾಣ ತೆಗೆಯುತ್ತದೆ. ನಮ್ಮ ಅಂಗಡಿಯ ಸಬ್ಬಕ್ಕಿ ಮರಗೆಣಸಿನ ಪಿಷ್ಟದ್ದು, ಸೇಲಂ ಕಡೆ ತಯಾರಾಗುವಂಥದ್ದು. ಎರಡಕ್ಕೂ ಸಂಬಂಧವಿಲ್ಲ. ಮನೆ ಅಂಗಳದಲ್ಲಿ ಸೈಕಸ್ ಗಿಡ ಇದ್ದರೆ ಮಾತ್ರ ಇಂದೇ ಕಿತ್ತುಹಾಕಿ.

*ಒಬ್ಬೆ ಒಂದು, ಉಪ್ಪಿಲ್ಲದ ಸಂಡಿಗೆ.* ಅವ್ವ ಪ್ರತಿ ಬೇಸಿಗೆಯಲ್ಲೂ ಮಾಡುವ ಸಂಡಿಗೆಯನ್ನೇ ಉಪ್ಪು, ಜೀರಿಗೆ, ಮೆಣಸಿನಕಾಯಿ ಇಲ್ಲದೆ ತಾರಸಿಯ ಮೇಲೆ ಇಟ್ಟೆವು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಬೇಗ ಒಣಗಿತು. ಕರಿಯದ ಸಂಡಿಗೆ ಗಾಜಿನಂತೆ ಗಟ್ಟಿ, ಮುರಿದರೆ ಚೂಪು ಚೂಪು ಚೂರು. ಹೆಬ್ಬೆರಳ ಉಗುರು ಒತ್ತಿದಾಗ ಗುರುತು ಬೀಳದಷ್ಟು ಗಟ್ಟಿಯಾದ ಯಾವುದನ್ನೂ ನಾಯಿಗೆ ಕಡಿಯಲು ಕೊಡಬಾರದು, ದವಡೆ ಹಲ್ಲು ಸೀಳುತ್ತದೆ. ಕೆಂಚಿಗೆ ಕೊಡಲಿಲ್ಲ.

*ಒಬ್ಬೆ ಎರಡು, ಅರೆ ಒಣಗಿದ್ದು.* ಮೆತ್ತಗಿರುವಾಗಲೇ ಡಬ್ಬಿಗೆ ಹಾಕಿದೆ. ಮೂರನೇ ದಿನಕ್ಕೆ ಬೂಸ್ಟು. ಪೂರ್ತಿ ಎಸೆದೆ. ಬೂಸ್ಟು ಬಂದ ತುಂಡು ಮಾತ್ರ ಆರಿಸಿ ತೆಗೆದು ಉಳಿದದ್ದನ್ನು ಕೊಡುವುದು ಕಿಡ್ನಿ ಸೋತ ಪ್ರಾಣಿಗೆ ಖಂಡಿತ ಬೇಡ.

*ಒಬ್ಬೆ ಮೂರು, ಒಲೆಯಲ್ಲಿ.* 40 ಗ್ರಾಂ ಸಬ್ಬಕ್ಕಿಯನ್ನು 150 ಮಿ.ಲೀ. ನೀರಲ್ಲಿ ಬೇಯಿಸಿ, 60 ಗ್ರಾಂ ಅಕ್ಕಿಹಿಟ್ಟು, ಒಂದು ಮೊಟ್ಟೆಯ ಬಿಳಿ ಸೇರಿಸಿ ಚಕ್ಕಲಿ ಒರಳಿಗೆ ತುಂಬಿದರೆ ದೋಸೆ ಹಿಟ್ಟಿನಂತೆ ಸೋರಿತು. ನೀರು ಜಾಸ್ತಿ.

ಇದೇ ಹೊತ್ತಿಗೆ ಗರಿಗರಿ ಬರಲಿ ಎಂದು ಬೇಕಿಂಗ್ ಪೌಡರ್ ಹಾಕುವ ಯೋಚನೆ ಬಂತು. ಡಬ್ಬಿ ತಿರುಗಿಸಿ ಓದಿದೆ: ಐಎನ್ಎಸ್ (ಆಹಾರಕ್ಕೆ ಸೇರಿಸುವ ಪದಾರ್ಥಗಳ ಗುರುತಿನ ಸಂಖ್ಯೆ) 450, 341, 500. ಇದರಲ್ಲಿ 500 ಅಡುಗೆ ಸೋಡಾ, ಅಂದರೆ ಸೋಡಿಯಂ. 450 ಮತ್ತು 341 ಫಾಸ್ಫೇಟ್‌ಗಳು. ಧಾನ್ಯದಲ್ಲಿರುವ ಫಾಸ್ಫರಸ್ ಪೂರ್ತಿ ಮೈಗೆ ಹತ್ತುವುದಿಲ್ಲ, ಹೀಗೆ ಸೇರಿಸಿದ ಫಾಸ್ಫೇಟ್ ಹೆಚ್ಚುಕಡಿಮೆ ಎಲ್ಲವೂ ರಕ್ತಕ್ಕೆ ಹೋಗುತ್ತದೆ. ಕಿಡ್ನಿ ಪಥ್ಯದವರು ಪೊಟ್ಟಣದ ಹಿಂದೆ ನೋಡಬೇಕಾದ ಸಂಖ್ಯೆಗಳು: 338ರಿಂದ 343, 450ರಿಂದ 452. ಇವುಗಳಲ್ಲಿ ಯಾವುದಿದ್ದರೂ ಆ ಪೊಟ್ಟಣ ಬಿಟ್ಟುಬಿಡಿ. ಬ್ರೆಡ್, ಸಾಸೇಜ್, ಸಂಸ್ಕರಿಸಿದ ಚೀಸ್ ಎಲ್ಲದರಲ್ಲೂ ಹುಡುಕಿ ನೋಡಿ.

*ನಿಂತ ಅಳತೆ ಇದು:*

ಸಬ್ಬಕ್ಕಿ 40 ಗ್ರಾಂ, ನೀರು 90 ಮಿ.ಲೀ., ಬಿಳಿ ಅಕ್ಕಿಹಿಟ್ಟು 60 ಗ್ರಾಂ, ಒಂದು ಮೊಟ್ಟೆಯ ಬಿಳಿ, ಎಣ್ಣೆ ಒಂದು ಟೀ ಚಮಚ. ಉಪ್ಪು, ಸೋಡಾ, ಬೆಲ್ಲ ಏನೂ ಇಲ್ಲ.

ಸಬ್ಬಕ್ಕಿಯನ್ನು ಅದೇ 90 ಮಿ.ಲೀ. ನೀರಲ್ಲಿ ನಾಲ್ಕು ಗಂಟೆ ನೆನೆಸಿ, ನೀರು ಚೆಲ್ಲದೆ ಸಣ್ಣ ಉರಿಯಲ್ಲಿ ತಿರುವುತ್ತಾ ಇರಬೇಕು. ಬಿಳಿ ಕಣ್ಣುಗಳು ಒಂದೊಂದಾಗಿ ಮಾಯವಾಗಿ, ಇಡೀ ಮುದ್ದೆ ಗಾಜಿನಂತೆ ಹೊಳೆದು ತಳ ಬಿಡುವಾಗ ಇಳಿಸಿ. ಕೈಗೆ ತಾಗುವಷ್ಟು ಆರಿದ ಮೇಲೆಯೇ ಮೊಟ್ಟೆಯ ಬಿಳಿ ಹಾಕಬೇಕು, ಬಿಸಿಗೆ ಹಾಕಿದರೆ ಅಲ್ಲೇ ಬೆಂದು ಎಳೆಎಳೆಯಾಗುತ್ತದೆ. ಅಕ್ಕಿಹಿಟ್ಟನ್ನು ಬಣ್ಣ ಬದಲಾಗದಷ್ಟು ಬೆಚ್ಚಗೆ ಹುರಿದು ಸೇರಿಸಿ. ಒರಳಿಗೆ ಚಕ್ಕಲಿ ಬಿಲ್ಲೆ ಬದಲು ಖಾರಸೇವಿನ ದಪ್ಪ ತೂತಿನ ಬಿಲ್ಲೆ ಹಾಕಿ, ತಟ್ಟೆಯ ಮೇಲೆ ಉದ್ದುದ್ದ ಒತ್ತಿ. ಹಸಿಯಾಗಿರುವಾಗಲೇ ಒದ್ದೆ ಚಾಕುವಿನಿಂದ ಒಂದು ಸೆಂಟಿಮೀಟರಿಗೊಂದರಂತೆ ಗೆರೆ ಹಾಕಬೇಕು. ಇಲ್ಲದಿದ್ದರೆ ಬೆಂದ ಮೇಲೆ ಅಡ್ಡಾದಿಡ್ಡಿ ಮುರಿಯುತ್ತದೆ. 150 ಡಿಗ್ರಿಯಲ್ಲಿ 35 ನಿಮಿಷ, ನಡುವೆ ಒಮ್ಮೆ ಮಗುಚಿ. ಒಲೆ ಆರಿಸಿದ ಮೇಲೂ ಬಾಗಿಲು ತೆರೆಯದೆ ಒಳಗೇ ಒಣಗಲು ಬಿಡಿ.

ಹೊರಗೆ ಗರಿ, ಒಳಗೆ ಕೊಂಚ ಮೆತ್ತಗೆ, ಉಗುರಿಗೆ ಮುರಿಯುತ್ತದೆ. ಒಟ್ಟು ತೂಕ 100 ಗ್ರಾಂ ಹತ್ತಿರ, ಚೂರುಗಳು ಸುಮಾರು ಇನ್ನೂರು. ಪೂರ್ತಿ ಒಬ್ಬೆಗೆ 410 ಕ್ಯಾಲೊರಿ, ಫಾಸ್ಫರಸ್ 65 ಮಿ.ಗ್ರಾಂ, ಅದರಲ್ಲಿ ಬಹುಪಾಲು ಅಕ್ಕಿಯದು. ದಿನಕ್ಕೆ ಇಪ್ಪತ್ತು ಚೂರು ಕೊಟ್ಟರೂ 41 ಕ್ಯಾಲೊರಿ, ಆರೂವರೆ ಮಿ.ಗ್ರಾಂ ಫಾಸ್ಫರಸ್. ಮೊದಲು ಒಂದೇ ಬಾರಿಗೆ ನುಂಗುತ್ತಿದ್ದ 25 ಗ್ರಾಂ ಲಿವರ್ ತುಂಡಿನಲ್ಲಿ 75 ಮಿ.ಗ್ರಾಂ ಇತ್ತು.

ಖರ್ಚು: ಸಬ್ಬಕ್ಕಿ 4 ರೂ., ಅಕ್ಕಿಹಿಟ್ಟು 5, ಮೊಟ್ಟೆ 7, ಎಣ್ಣೆ 1, ಕರೆಂಟು 5. ಒಂದು ಒಬ್ಬೆಗೆ 22 ರೂಪಾಯಿ. ಹತ್ತು ದಿನಕ್ಕೆ ಬರುತ್ತದೆ.

ಇಷ್ಟಾದರೂ ಮೊದಲ ದಿನ ಕೆಂಚಿ ಬಾಯಿಗೆ ಹಾಕಿಕೊಂಡು ಉಗುಳಿದಳು. ವಾಸನೆಯೇ ಇಲ್ಲ. ಕೋಳಿ ಬೇಯಿಸಿದ ನೀರು ಸೇರಿಸೋಣ ಅಂದರೆ ಮಾಂಸದ ಫಾಸ್ಫರಸ್ಸೂ ಪೊಟ್ಯಾಸಿಯಮ್ಮೂ ಇಳಿಯುವುದು ಆ ನೀರಿಗೇ. ದಾರಿ ಔಷಧಿ ಡಬ್ಬಿಯಲ್ಲೇ ಇತ್ತು. ಡಾಕ್ಟರು ಮೊದಲೇ ಬರೆದಿದ್ದ ಮೀನೆಣ್ಣೆ ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ ಆ ದಿನದ ಚೂರುಗಳ ಮೇಲೆ ಹಿಂಡಿ ಕುಲುಕಿದೆ. ಡಬ್ಬಿ ಮುಚ್ಚಳ ತೆಗೆಯುವ ಮೊದಲೇ ಅವಳು ಎದ್ದು ಬಂದಳು. ಕ್ಯಾಪ್ಸೂಲಿನ 9 ಕ್ಯಾಲೊರಿ ಲೆಕ್ಕಕ್ಕೆ ಸೇರಿಸಿದೆ. ಎಣ್ಣೆಯನ್ನು ಹಿಟ್ಟಿಗೆ ಹಾಕಿ ಬೇಯಿಸಬಾರದು, ಮುಂಚೆಯೇ ಸವರಿಡಲೂಬಾರದು, ಕಮಟು ಬರುತ್ತದೆ. ಅಂದಿನದು ಅಂದಿಗೆ.

ಹಂತ 6: ಸಂಜೆಯ ಮಂಡಕ್ಕಿ

ನಮ್ಮ ಊರಲ್ಲಿ ಸಂಜೆ ಅಂದರೆ ಮಂಡಕ್ಕಿ. ಒಗ್ಗರಣೆ ಹಾಕುವ ಮೊದಲು ಬರೀ ಮಂಡಕ್ಕಿಯ ಒಂದು ಹಿಡಿ ಕೆಂಚಿಗೆ ಎತ್ತಿಡುವುದು ಅವ್ವನ ರೂಢಿ. ನಿಲ್ಲಿಸೋಣ ಅಂದಾಗ ಅವ್ವ ಕೇಳಿದ್ದು ನ್ಯಾಯವಾಗಿಯೇ ಇತ್ತು: "ಮಂಡಕ್ಕಿಯೊಳಗ ಏನೈತವ್ವಾ, ಬರೀ ಅಕ್ಕಿ ಅಲ್ಲೇನು?"

ಬರೀ ಅಕ್ಕಿಯಲ್ಲ. ಭಟ್ಟಿಯಲ್ಲಿ ಮರಳಿಗೆ ಹಾಕುವ ಮೊದಲು ಅಕ್ಕಿಗೆ ಉಪ್ಪುನೀರು ಹಿಡಿಸುತ್ತಾರೆ. ಒಂದು ಹಿಡಿ ತಿಂದು ನೀರು ಕುಡಿದರೆ ನಾಲಿಗೆಗೇ ಗೊತ್ತಾಗುತ್ತದೆ. ನಾವು ತೊಳೆದು ನೋಡಿದೆವು, ಮುದ್ದೆಯಾಯಿತು. ಅಂಗಡಿಯವರನ್ನು ಉಪ್ಪಿಲ್ಲದ್ದು ಕೇಳಿದೆವು, ಸಿಗಲಿಲ್ಲ.

ಉತ್ತರ ಗ್ರಂದಿಗೆ ಅಂಗಡಿಯಲ್ಲಿ ಸಿಕ್ಕಿತು: ಭತ್ತದ ಅರಳು. ಪಂಚಮಿಗೆ ಉಂಡೆ ಕಟ್ಟುವ, ಮದುವೆಯ ಹೋಮಕ್ಕೆ ಹಾಕುವ ಅರಳು. ಭತ್ತವನ್ನೇ ನೇರ ಹುರಿದು ಅರಳಿಸುವುದರಿಂದ ಉಪ್ಪಿಲ್ಲ. ತಂದ ಕೂಡಲೇ ಮೊರದಲ್ಲಿ ಕೇರಿ, ಉಳಿದ ಹೊಟ್ಟನ್ನು ಒಂದೊಂದಾಗಿ ಆರಿಸಬೇಕು, ಭತ್ತದ ಹೊಟ್ಟಿನ ತುದಿ ಗಂಟಲಿಗೆ ಚುಚ್ಚುತ್ತದೆ. ಜರಡಿ ಹಿಡಿದು ಮರಳೂ ತೆಗೆಯಬೇಕು. ಇದರಲ್ಲಿ ತೌಡಿನ ಅಂಶ ಉಳಿದಿರುತ್ತದೆ, ಹಾಗಾಗಿ ಪಾಲಿಶ್ ಅಕ್ಕಿಗಿಂತ ಫಾಸ್ಫರಸ್ ಹೆಚ್ಚು. ಆದರೆ ಅರಳು ಹಗುರ. ಎರಡು ಗ್ರಾಂ ತೂಗಿದರೆ ಅಂಗೈ ತುಂಬುತ್ತದೆ. ದಿನಕ್ಕೆ ಎರಡು ಗ್ರಾಂ, ಏಳೆಂಟು ಕ್ಯಾಲೊರಿ. ಅವ್ವ ಒಂದೊಂದೇ ಅರಳನ್ನು ಗಾಳಿಗೆ ಹಾರಿಸುತ್ತಾಳೆ, ಕೆಂಚಿ ಹಿಡಿಯುತ್ತಾಳೆ. ಅವಳು ಇತ್ತೀಚೆಗೆ ಚುರುಕಾಗಿ ಕತ್ತೆತ್ತಿ ನಿಲ್ಲುವ ಹೊತ್ತು ಅದೊಂದೇ. ಅದಕ್ಕಾಗಿಯಾದರೂ ಈ ಎರಡು ಗ್ರಾಂ ಉಳಿಸಿಕೊಂಡಿದ್ದೇವೆ.

ಹಣ್ಣು ತರಕಾರಿ ಬೇಗ ಹೇಳಿ ಮುಗಿಸುತ್ತೇನೆ. ಸೌತೆಕಾಯಿ, ಬೀಜ ತೆಗೆದ ಸೇಬು ಸರಿ. ಬಾಳೆಹಣ್ಣು, ಎಳನೀರು, ಗೆಣಸು ನಮ್ಮ ಕೆಂಚಿಗೆ ಇಲ್ಲ, ಪೊಟ್ಯಾಸಿಯಂ ಕಾರಣ. ಪೊಟ್ಯಾಸಿಯಂ ಕಡಿಮೆ ಇರುವ ಕಿಡ್ನಿ ನಾಯಿಗಳೂ ಇರುತ್ತವೆ, ಅವಕ್ಕೆ ಉಲ್ಟಾ. ಗಜ್ಜರಿಯನ್ನು ಸಣ್ಣಗೆ ಹೆಚ್ಚಿ ಬಹಳ ನೀರಲ್ಲಿ ಬೇಯಿಸಿ ನೀರು ಚೆಲ್ಲಿದರೆ ಪೊಟ್ಯಾಸಿಯಂ ಇಳಿಯುತ್ತದೆ. ಸೋರೆಕಾಯಿ, ಸೌತೆಕಾಯಿ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ ಇದ್ದರೆ ಎಸೆಯಿರಿ. ಕಹಿ ಸೋರೆಕಾಯಿ ಮನುಷ್ಯರಿಗೂ ವಿಷ.

ಹಂತ 7: ಮಾತ್ರೆ ನುಂಗಿಸುವ ಉಂಡೆ

ಮೊದಲು ಮಾತ್ರೆಯನ್ನು ಕಡಲೆಬೀಜದ ಬೆಣ್ಣೆ ಅಥವಾ ಚೀಸಿನಲ್ಲಿ ಅಡಗಿಸುತ್ತಿದ್ದೆವು. ಅಂಗಡಿಯ ಕಡಲೆಬೀಜದ ಬೆಣ್ಣೆಯಲ್ಲಿ ಫಾಸ್ಫರಸ್ ಜಾಸ್ತಿ, ಕೆಲವದರಲ್ಲಿ ನಾಯಿಗೆ ವಿಷವಾದ ಕ್ಸೈಲಿಟಾಲ್ ಸಿಹಿ ಇರುತ್ತದೆ. ಸಬ್ಬಕ್ಕಿ ಮುದ್ದೆ ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಹಂತ 5ರಲ್ಲಿ ಮೊಟ್ಟೆಯ ಬಿಳಿ ಸೇರಿಸುವ ಮೊದಲೇ ಎರಡು ಚಮಚ ಎತ್ತಿಟ್ಟುಕೊಳ್ಳುತ್ತೇನೆ. ಅಂಟು ಇರುವುದರಿಂದ ಮಾತ್ರೆಯ ಸುತ್ತ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ, ಅಗಿಯಲು ಹೋದರೆ ಜಾರಿ ಗಂಟಲಿಗಿಳಿಯುತ್ತದೆ.

ಕೈ ಬದಲಾಯಿಸುವುದು ಮುಖ್ಯ. ಮಾತ್ರೆ ಮುಟ್ಟಿದ ಬೆರಳಿನಿಂದಲೇ ಉಂಡೆ ಕಟ್ಟಿದರೆ ಹೊರಗೂ ಕಹಿ ಹತ್ತುತ್ತದೆ. ಎಡಗೈಯಿಂದ ಮಾತ್ರೆ ಒತ್ತಿ, ಬಲಗೈಯಿಂದ ಮುಚ್ಚುತ್ತೇನೆ. ಮೂರು ಉಂಡೆ: ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಖಾಲಿ. ಎರಡನೆಯದನ್ನು ಬಾಯಿಗಿಡುವಾಗಲೇ ಮೂರನೆಯದು ಕಣ್ಣಿಗೆ ಕಾಣುವಂತಿರಬೇಕು, ಆ ಆತುರದಲ್ಲಿ ನುಂಗಿಬಿಡುತ್ತಾಳೆ. ಎಲ್ಲಾ ಮಾತ್ರೆಗೂ ಇದು ನಡೆಯುವುದಿಲ್ಲ. ಫಾಸ್ಫರಸ್ ಹಿಡಿಯುವ ಔಷಧಿಯನ್ನು ಊಟಕ್ಕೇ ಕಲಸಿ ಕೊಡಬೇಕು, ಖಾಲಿ ಹೊಟ್ಟೆಗೆ ಕೊಟ್ಟರೆ ಹಿಡಿಯಲು ಅದಕ್ಕೆ ಏನೂ ಸಿಗುವುದಿಲ್ಲ.

ಹಂತ 8: ಮನೆಯವರ ಡಬ್ಬಿ

ಬೆಳಿಗ್ಗೆ ಎದ್ದ ಕೂಡಲೇ ಆ ದಿನದ ಇಪ್ಪತ್ತು ಚೂರನ್ನು ಸಣ್ಣ ಸ್ಟೀಲ್ ಡಬ್ಬಿಗೆ ಎಣಿಸಿ ಹಾಕುತ್ತೇವೆ. ಮೊಟ್ಟೆಯ ಬಿಳಿ ಕೊಡುವ ದಿನ ಎಂಟು ಚೂರು ಕಡಿಮೆ, ಸೇಬು ಕೊಡುವ ದಿನವೂ ಅದೇ ರೀತಿ ಲೆಕ್ಕ ಹಾಕಿ ಕಳೆಯುತ್ತೇವೆ. ಯಾರು ಕೊಟ್ಟರೂ ಆ ಡಬ್ಬಿಯಿಂದಲೇ. ಖಾಲಿಯಾದರೆ ಆ ದಿನದ್ದು ಮುಗಿಯಿತು. "ನೀನು ಕೊಟ್ಟೆಯಾ, ನಾನು ಕೊಟ್ಟೆನಾ" ಅನ್ನುವ ಮಾತೇ ಬರುವುದಿಲ್ಲ.

ಓಣಿಯ ಮಕ್ಕಳು ಗೇಟಿನ ಸಂದಿಯಿಂದ ಬಿಸ್ಕತ್ತು ಹಾಕುವುದು ನಿಲ್ಲಿಸುವುದು ಕಷ್ಟವಾಗಿತ್ತು. ಬೈದರೆ ಕದ್ದು ಹಾಕುತ್ತಾರೆ. ಅದರ ಬದಲು ಗೇಟಿನ ಪಕ್ಕ ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಅಂದಿನ ಇಪ್ಪತ್ತರಲ್ಲೇ ಐದು ಚೂರು ಇಟ್ಟು, "ಇದನ್ನೇ ಹಾಕ್ರಪ್ಪಾ, ಅವಳಿಗೆ ಹುಷಾರಿಲ್ಲ, ಔಷಧಿ ಬಿಸ್ಕತ್ತು ಇದು" ಎಂದೆವು. ಈಗ ಬೇರೆ ಯಾರಾದರೂ ಏನಾದರೂ ಹಾಕಲು ಬಂದರೆ ಆ ಮಕ್ಕಳೇ ತಡೆಯುತ್ತಾರೆ.

ಶೇಖರಣೆ: ಫ್ರಿಜ್ಜಿನಲ್ಲಿ ಒಂದು ವಾರ, ಫ್ರೀಜರಿನಲ್ಲಿ ಒಂದು ತಿಂಗಳು. ಮಳೆಗಾಲದಲ್ಲಿ ಹೊರಗಿಟ್ಟರೆ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಈಗ ಅರ್ಧ ಒಬ್ಬೆಯನ್ನು ನೇರ ಫ್ರೀಜರಿಗೇ ಹಾಕುತ್ತೇನೆ.

ಕಳೆದ ಪರೀಕ್ಷೆಯಲ್ಲಿ ಫಾಸ್ಫರಸ್ 4.3ಕ್ಕೆ ಇಳಿದಿತ್ತು, ತೂಕ 16ರಲ್ಲೇ ನಿಂತಿದೆ. ಇಳಿಸಿದ್ದು ಪಥ್ಯದ ಕಾಳು ಮತ್ತು ಔಷಧಿ. ಕುರುಕಲು ಆ ಕೆಲಸಕ್ಕೆ ಅಡ್ಡ ಬರಲಿಲ್ಲ ಅನ್ನುವುದಷ್ಟೇ ನನಗೆ ಬೇಕಿದ್ದದ್ದು.

ಹಂತ 9: ಬಗೆಹರಿಯದ್ದು

ಬಹಳ ಹೊತ್ತು ಕಡಿಯುವಂಥ ಪದಾರ್ಥ ಇನ್ನೂ ಸಿಕ್ಕಿಲ್ಲ. ಕೆಂಚಿ ಮಧ್ಯಾಹ್ನ ಅರ್ಧ ಗಂಟೆ ಎಲುಬು ಕಡಿಯುತ್ತಾ ಕೂರುತ್ತಿದ್ದವಳು. ಎಲುಬು ಅಂದರೆ ಫಾಸ್ಫರಸ್ಸಿನ ಗಣಿ. ಹಿಮಾಲಯದ ಗಟ್ಟಿ ಚೀಸ್ ಕಡ್ಡಿ ಹಾಲಿನದು, ಅದೂ ಇಲ್ಲ. ಒಣಗಿಸಿದ ಚರ್ಮದ ಕಡ್ಡಿ ಪ್ರೋಟೀನಿನದು. ಸಬ್ಬಕ್ಕಿ ಮುದ್ದೆಯನ್ನು ಬೆರಳಿನಷ್ಟು ದಪ್ಪ ಒತ್ತಿ ನಿಧಾನವಾಗಿ ಒಣಗಿಸಿ ನೋಡಿದೆ. ಮೇಲ್ಪದರ ಗಟ್ಟಿ, ನಡುವೆ ಒದ್ದೆ. ಇನ್ನೂ ಒಣಗಿಸಿದರೆ ಸಂಡಿಗೆಯಂತೆ ಹಲ್ಲಿಗೆ ಅಪಾಯ. ಅಕ್ಕಿಹಿಟ್ಟು ಹೆಚ್ಚಿಸಿದರೆ ಎರಡೇ ಕಡಿತಕ್ಕೆ ಪುಡಿ.

ಸದ್ಯಕ್ಕೆ ಮಾಡುತ್ತಿರುವುದು: ಕೋಳಿಮೊಟ್ಟೆಯ ಕಾಗದದ ಟ್ರೇಯ ಗುಳಿಗಳಲ್ಲಿ ಅಂದಿನ ಚೂರುಗಳಲ್ಲಿ ಆರನ್ನು ಹಾಕಿ, ಮೇಲೆ ಹಳೆಯ ಸುದ್ದಿಪತ್ರಿಕೆ ಮುದುರಿ ತುರುಕುವುದು. ಮೂಗಿನಿಂದ ಹುಡುಕಿ ತೆಗೆಯಲು ಅವಳಿಗೆ ಹತ್ತು ನಿಮಿಷ ಹಿಡಿಯುತ್ತದೆ. ಕಾಗದ ನುಂಗುವ ಅಭ್ಯಾಸ ಇರುವ ನಾಯಿಗೆ ಇದು ಬೇಡ, ನಾವು ಪಕ್ಕದಲ್ಲೇ ಕೂತಿರುತ್ತೇವೆ. ಮುಂದಿನ ಒಬ್ಬೆಗೆ ಸಬ್ಬಕ್ಕಿ ಜೊತೆ ಹಸಿ ಸೋರೆಕಾಯಿ ತುರಿ ಹಿಂಡಿ ಹಾಕಿ, 90 ಡಿಗ್ರಿಯಲ್ಲಿ ಬಹಳ ಹೊತ್ತು ಒಣಗಿಸಿ ನೋಡುವುದಿದೆ. ತುರಿಯ ನಾರಿನಿಂದ ಬೇಗ ಪುಡಿಯಾಗದೆ ಹಲ್ಲಿಗೆ ಎಳೆಯುವಂತಾದರೆ ಅಳತೆ ಇಲ್ಲೇ ಸೇರಿಸುತ್ತೇನೆ.